ಕನ್ಯಾಗತವೂ ಗುರುಗ್ರಹದ ದರ್ಶನವೂ

ಕೃಷ್ಣಾನದಿಯ ತೀರದಲ್ಲಿರುವ ಗಲಗಲಿಯು ಗಾಲವ ಮಹರ್ಷಿಗಳ ತಪೋಭೂಮಿಯೆಂದು ಪ್ರಸಿದ್ಧವಾದುದು. ಊರಿನ ಹೆಸರೂ ಅವರಿಂದಲೇ ಬಂದಿತೆಂದು ಅಲ್ಲಿಯವರು ಹೇಳುವರು. ಗುರುವು ಕನ್ಯಾರಾಶಿಯನ್ನು ಪ್ರವೇಶಿಸಿದಾಗ ಈ ನದಿಗೆ ಪುಷ್ಕರಕಾಲವು ಒದಗುವುದು. ಇದಕ್ಕೇ ಕೃಷ್ಣಾತೀರದವರು ‘ಕನ್ಯಾಗತ’ವೆನ್ನುವರು. ಸಿಂಹದ ಗುರುವಿಗೆ ಗೋದಾವರಿ, ತುಲೆಯ ಗುರುವಿಗೆ ಕಾವೇರಿ, ಮಕರದ ಗುರುವಿಗೆ ತುಂಗಭದ್ರೆ ಹೇಗೋ ಕನ್ಯೆಯ ಗುರುವಿಗೆ ಕೃಷ್ಣೆಯು ಹಾಗೆ. ಈ ಪರ್ವದ ಧರ್ಮಶಾಸ್ತ್ರವಿಚಾರವು ಪ್ರಕೃತ ಲೇಖನದ ವಿಷಯವಲ್ಲ. ಪರ್ವಕ್ಕೆ ಮೂಲವಾದ ಗ್ರಹವನ್ನು ಆಕಾಶದಲ್ಲಿ ಕಂಡು ಗುರುತಿಸುವ ಪದ್ಧತಿಯು ನಮ್ಮ ಗ್ರಂಥಗಳಲ್ಲಿ ಹೇಗೆ ನಡೆದುಬಂದಿತು, ಪಂಚಾಂಗಗಳ ವಾದದಲ್ಲಿ ಕಣ್ಣಿನ ಸಾಕ್ಷ್ಯಕ್ಕೆ ಎಷ್ಟು ಬೆಲೆ, ಎಂಬುದಷ್ಟೇ ಇಲ್ಲಿ ವಿಚಾರಣೀಯವು.

ಬರಿಗಣ್ಣಿಗೆ ಕಾಣುವ ತಾರಾಗ್ರಹಗಳು ಐದು. ನಕ್ಷತ್ರಗಳು ಮಿಣುಕುವುವು, ಗ್ರಹಗಳು ಪ್ರಾಯಶಃ ಸ್ಥಿರವಾಗಿ ಬೆಳಗುವುವು. ಆದರೆ ದಿಗಂತಕ್ಕೆ ಸಮೀಪವಾದಾಗ ಗ್ರಹವೂ ಮಿಣುಕುವುದುಂಟಾದುದರಿಂದ ಈ ಲಕ್ಷಣವೊಂದನ್ನೇ ನಂಬಲಾಗದು. ಗ್ರಹಗಳು ಸೂರ್ಯನ ಮಾರ್ಗವಾದ ಕ್ರಾಂತಿವೃತ್ತವನ್ನು ಬಿಟ್ಟು ದೂರ ಹೋಗುವುದಿಲ್ಲವೆಂಬುದು ಹೆಚ್ಚು ದೃಢವಾದ ಲಕ್ಷಣ. ಆ ಮಾರ್ಗದ ಬಳಿಯಲ್ಲಿ ಕಣ್ಣಿಗೆ ಹೊಡೆಯುವ ತಾರೆಗಳೆಂದರೆ ರೋಹಿಣಿ, ಪುನರ್ವಸು, ಮಘೆ, ಚಿತ್ರೆ, ಜ್ಯೇಷ್ಠೆ ಇಷ್ಟೇ. ಇವನ್ನು ಬಲ್ಲವನಿಗೆ ಆ ದಾರಿಯಲ್ಲಿ ಇವಕ್ಕೆ ಸರಿದೊರೆಯಾದ ಹೊಸದೊಂದು ಜ್ಯೋತಿಯು ಕಂಡರೆ ಅದು ಗ್ರಹವೆಂದೇ ತಿಳಿಯತಕ್ಕದ್ದು. ಅತ್ಯುಜ್ಜ್ವಲವಾದ ಲುಬ್ಧಕವನ್ನು ಗ್ರಹವೆಂದು ಭ್ರಮಿಸುವವರುಂಟು. ಅದು ಮಾರ್ಗದಿಂದ ಬಹುದೂರ ದಕ್ಷಿಣಕ್ಕಿರುವುದು. ಶುಕ್ರನು ಸೂರ್ಯನಿಂದ 47 ಅಂಶಗಳಿಗಿಂತಲೂ, ಬುಧನು 28 ಅಂಶಗಳಿಗಿಂತಲೂ ಆಚೆಗೆ ಸರಿಯರು. ಆದುದರಿಂದ ನಡುರಾತ್ರಿಯಲ್ಲಿ ನೆತ್ತಿಯ ಮೇಲೆ ಬೆಳ್ಳಗೆ ಜ್ವಲಿಸುವುದು ಶುಕ್ರನಾಗಲಾರದು, ಗುರುವೇ. ಕುಜನು ಕೆಂಪಾಗಿರುವನು, ಜ್ಯೇಷ್ಠೆಯೂ ರೋಹಿಣಿಯೂ ಕೆಂಪಾಗಿರುವುದರಿಂದ ಕೆಲವು ದಿನ ನೋಡಿ ಚಲನೆಯಿಂದ ನಿಶ್ಚಯಿಸಬೇಕು. ಶನಿಯು ಮಂದಕಾಂತಿಯವನು, ಮಂದಗತಿಯವನು.

ಈ ಗತಿಗಳನ್ನು ನಮ್ಮ ಪ್ರಾಚೀನರು ಎಷ್ಟು ಸೂಕ್ಷ್ಮವಾಗಿ ಅರಿತಿದ್ದರೆಂಬುದು ಗಣಿತದಿಂದಲೇ ತಿಳಿಯುವುದು. ಸೂರ್ಯಸಿದ್ಧಾಂತದಂತೆ ಮಹಾಯುಗದ 43,20,000 ಸೌರವರ್ಷಗಳಲ್ಲಿ ಗುರುವಿನ ಭಗಣಗಳು 3,64,220, ಶನಿಯವು 1,46,568. ಭಾಗಿಸಿದರೆ ಗುರುವಿಗೆ 11.861, ಶನಿಗೆ 29.474 ವರ್ಷಗಳು ಬರುವುವು. ಆಧುನಿಕರ ಮಾನಗಳು 11.862, 29.457. ಕಣ್ಣಿಟ್ಟು ನೋಡಿದವರ ಪರಂಪರೆಯಿಲ್ಲದೆ ಇಂತಹ ಅಂಕಗಳು ದೊರೆಯವು. ಅದೇ ಗ್ರಂಥದ ಗ್ರಹಯುತ್ಯಧಿಕಾರದಲ್ಲಿ ಗಣಿತಾಗತವಾದ ಗ್ರಹವನ್ನು ಶಂಕುವಿನ ಸಹಾಯದಿಂದ ಆಕಾಶದಲ್ಲಿ ತೋರಿಸುವ ಕ್ರಮವು ಹೇಳಲ್ಪಟ್ಟಿದೆ. ಉದಯಾಸ್ತಾಧಿಕಾರದಲ್ಲಿ ಗುರುವಿಗೆ ವಿಧಿಸಿದ ಕಾಲಾಂಶಗಳು 11. ಅಂದರೆ ಸೂರ್ಯಾಸ್ತಕ್ಕೂ ಗುರುವಿನ ಅಸ್ತಕ್ಕೂ 110 ಪಲ, ಎಂದರೆ 44 ನಿಮಿಷಗಳ ಅಂತರವಿಲ್ಲದಿದ್ದರೆ ಗುರುವು ಕಾಣನು. ವಿವಾಹ-ಉಪನಯನಗಳನ್ನು ತಡೆಯುವ ಗುರುಮೌಢ್ಯವು ಹೀಗೆ ದರ್ಶನಾದರ್ಶನಗಳನ್ನೇ ಆಶ್ರಯಿಸಿರುವುದು.

ದರ್ಶನಕ್ಕೆ ಗಣಿತವನ್ನು ಹೊಂದಿಸಿದವರಲ್ಲಿ ನಂದಿಗ್ರಾಮದ ತಂದೆಮಕ್ಕಳು ಪ್ರಮುಖರು. ಕೇಶವದೈವಜ್ಞನು ತಾನೇ ಗ್ರಹಗಳನ್ನು ವೇಧಿಸಿ ಯಾವ ಪಕ್ಷದ ಗಣಿತವು ಯಾವ ಗ್ರಹಕ್ಕೆ ಕೂಡಿಬರುವುದೆಂದು ಪರೀಕ್ಷಿಸಿದನು. ಮಗನಾದ ಗಣೇಶದೈವಜ್ಞನು ಶಾ.ಶ. 1442ರಲ್ಲಿ (ಕ್ರಿ.ಶ. 1520) ಗ್ರಹಲಾಘವವನ್ನು ರಚಿಸಿ, ರವಿಯನ್ನು ಸೌರಪಕ್ಷದಿಂದಲೂ ಗುರು-ಕುಜರನ್ನು ಆರ್ಯಪಕ್ಷದಿಂದಲೂ ತೆಗೆದುಕೊಂಡನು, ಶನಿಗೆ ಆರ್ಯಪಕ್ಷದ ಮೇಲೆ 5 ಅಂಶಗಳನ್ನು ಕೂಡಿಸಿದನು. ಒಂದು ಪಕ್ಷವನ್ನೇ ಹಿಡಿದು ಕುಳಿತವನು ಹೀಗೆ ಮಾಡುತ್ತಿರಲಿಲ್ಲ. ವಿಪರ್ಯಾಸವೇನೆಂದರೆ, ಈ ಕರಣಗ್ರಂಥವು ಸುಲಭವಾದುದರಿಂದ ಶತಮಾನಗಳವರೆಗೆ ಇದನ್ನೇ ಕಂಠಪಾಠ ಮಾಡಿ ಪಂಚಾಂಗ ಬರೆದ ನಮ್ಮವರಲ್ಲಿ ಅನೇಕರು ಗ್ರಂಥವನ್ನು ಉಳಿಸಿಕೊಂಡು ಗ್ರಂಥಕಾರನ ಅಭ್ಯಾಸವನ್ನು ಬಿಟ್ಟರು. ಸ್ಫುಟಗುರುವನ್ನು ವಿಕಲೆಗಳವರೆಗೆ ಹೇಳಬಲ್ಲವರಿಗೆ ಅಂಗಳದಲ್ಲಿ ನಿಂತು ಗುರುವನ್ನು ತೋರಿಸಲು ಬಾರದಾಯಿತು.

ಈ ಕೊರತೆಯನ್ನು ನೀಗಿದವರು ನಮ್ಮ ಸೀಮೆಯವರೇ ಆದ ವೆಂಕಟೇಶ ಬಾಪೂಜಿ ಕೇತಕರರು. ಇವರು 1854ರಲ್ಲಿ ನರಗುಂದದಲ್ಲಿ ಹುಟ್ಟಿ, ಬಾಗಲಕೋಟೆಯ ಇಂಗ್ಲಿಷ್ ಶಾಲೆಯಲ್ಲಿ ಮುಖ್ಯಾಧ್ಯಾಪಕರಾಗಿದ್ದು, 1930ರಲ್ಲಿ ವಿಜಾಪುರದಲ್ಲಿ ತೀರಿಕೊಂಡರು. ಪಾಶ್ಚಾತ್ಯರ ವೇಧಗಳಿಂದ ಸಿದ್ಧವಾದ ಮಾನಗಳನ್ನು ತೆಗೆದುಕೊಂಡು ಜ್ಯೋತಿರ್ಗಣಿತವನ್ನೂ, ಗ್ರಹಲಾಘವದ ರೀತಿಯಲ್ಲಿಯೇ ಸಂಸ್ಕೃತ ಶ್ಲೋಕಗಳಲ್ಲಿ ಕೇತಕೀಗ್ರಹಗಣಿತವನ್ನೂ ರಚಿಸಿದರು. ನೆಪ್ಚೂನಿನಾಚೆಗೂ ಗ್ರಹಗಳಿರಬೇಕೆಂದು 1911ರಲ್ಲಿ ಫ್ರಾನ್ಸಿನ ಖಗೋಲಸಂಘದ ಪತ್ರಿಕೆಯಲ್ಲಿ ಬರೆದವರೂ ಇವರೇ. ಅದು ಬರಿಗಣ್ಣಿಗೆ ನಿಲುಕದ ಮಾತಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಮ್ಲೇಚ್ಛರ ಗಣಿತವೆಂದು ಇಂತಹ ದೃಕ್ಪಕ್ಷವನ್ನು ಹಳಿಯುವವರು ಗಣೇಶದೈವಜ್ಞನ 5 ಅಂಶಗಳನ್ನು ನೆನೆಯಬೇಕು.

ಆದರೆ ದೃಗ್ಗಣಿತವಾದಿಗಳೂ ಒಂದು ವಿವೇಕವನ್ನು ಮರೆಯುವುದುಂಟು. ಗ್ರಹವು ನಕ್ಷತ್ರಗಳ ನಡುವೆ ಎಲ್ಲಿದೆಯೆಂಬುದು ಒಂದು ಪ್ರಶ್ನೆ. ಕನ್ಯಾರಾಶಿಯು ಎಲ್ಲಿಂದ ಮೊದಲಾಗುವುದೆಂಬುದು ಬೇರೊಂದು ಪ್ರಶ್ನೆ. ಮೊದಲನೆಯದನ್ನು ಕಣ್ಣು ನಿರ್ಣಯಿಸುವುದು. ಎರಡನೆಯದು ಅಯನಾಂಶದ ಒಪ್ಪಂದ. ಅಲ್ಲಿ ಕಣ್ಣಿಗೆ ಅಧಿಕಾರವಿಲ್ಲ. ಕೇತಕರರು ಚಿತ್ರಾತಾರೆಯನ್ನು 180ನೆಯ ಅಂಶದಲ್ಲಿಟ್ಟರು. ರೈವತಪಕ್ಷದವರು ರೇವತೀತಾರೆಯಿಂದ ಎಣಿಸುವರು. ಇಬ್ಬರಿಗೂ ಸುಮಾರು 4 ಅಂಶಗಳ ಭೇದವಿದೆ. ಗುರುವಿನ ಮಧ್ಯಮಗತಿಯು ದಿನಕ್ಕೆ 5 ಕಲೆಗಳಾದುದರಿಂದ ಇದು 48 ದಿನಗಳಾಗುವುದು. ಶೀಘ್ರಗತಿಯಲ್ಲಿ ಇಪ್ಪತ್ತರ ಸುಮಾರಿಗೆ ಇಳಿಯುವುದು. 1952ರಲ್ಲಿ ನೇಮಕವಾದ, ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗಸಂಸ್ಕಾರಸಮಿತಿಯು ಚಿತ್ರಾಪಕ್ಷವನ್ನೇ ಸ್ವೀಕರಿಸಿತು. ಈ ಪಕ್ಷದಲ್ಲಿ ನೋಡುವವನಿಗೆ ಒಂದು ಸೌಕರ್ಯವುಂಟು: ಉತ್ತರಾ ತಾರೆಯ ನೇರವನ್ನು ದಾಟಿ ತುಸು ಪೂರ್ವಕ್ಕೆ ಬಂದಾಗ ಗುರುವು ಕನ್ಯೆಯನ್ನು ಹೊಗುವನು, ಚಿತ್ರೆಯ ನೇರವನ್ನು ದಾಟುವಾಗ ಬಿಡುವನು.

ಚಿತ್ರಾಪಕ್ಷದಂತೆ 2016ರ ಆಗಸ್ಟಿನಲ್ಲಿ ಕನ್ಯಾಗತವಾಯಿತು. ಆಗ ಗುರುವು ಸಂಜೆಯ ಪಶ್ಚಿಮದಲ್ಲಿದ್ದನು. ಆಗಸ್ಟ್ 27ರ ಸಂಜೆ ಶುಕ್ರನೂ ಅಲ್ಲಿಗೆ ಬಂದು, ಇಬ್ಬರಿಗೂ ಚಂದ್ರಬಿಂಬದ ವ್ಯಾಸದಷ್ಟೂ ಅಂತರವಿರಲಿಲ್ಲ; ಹೆಚ್ಚು ಬೆಳಗುತ್ತಿದ್ದವನು ಶುಕ್ರ. ಮಳೆಗಾಲದ ಮೋಡಗಳಿಂದ ಕೃಷ್ಣಾತೀರದಲ್ಲಿ ಇಂತಹ ದೃಶ್ಯವು ತಪ್ಪಿಹೋಗುವುದೇ ಹೆಚ್ಚು. ಮುಂದಿನ ಕನ್ಯಾಗತವು ಇದಕ್ಕಿಂತ ವಿಚಾರಾರ್ಹವಾದುದು. 2027ರ ನವೆಂಬರಿನ ಕೊನೆಯಲ್ಲಿ ಗುರುವು ಕನ್ಯೆಯನ್ನು ಮುಟ್ಟಿ, ವಕ್ರಿಯಾಗಿ 2028ರ ಮೊದಲ ತಿಂಗಳುಗಳಲ್ಲಿ ಸಿಂಹಕ್ಕೆ ಹಿಮ್ಮೆಟ್ಟಿ, ಮತ್ತೆ ಅದೇ ವರ್ಷದ ಜುಲೈಯಲ್ಲಿ ಕನ್ಯೆಯನ್ನು ಪ್ರವೇಶಿಸುವನು. ಪರ್ವಕ್ಕೆ ಯಾವ ಪ್ರವೇಶವು ಗ್ರಾಹ್ಯವೆಂಬ ಚರ್ಚೆಯು ಆಗ ಏಳದಿರದು. ಅದನ್ನು ಧರ್ಮಶಾಸ್ತ್ರಜ್ಞರು ನಿರ್ಣಯಿಸಲಿ. ವಕ್ರಗತಿಯನ್ನಂತೂ ಗಲಗಲಿಯ ಯಾವ ಗೃಹಸ್ಥನಾದರೂ ಮನೆಯ ಮಾಳಿಗೆಯಿಂದಲೇ ಕಾಣಬಹುದು. ಆ ಚಳಿಗಾಲದ ರಾತ್ರಿಗಳು ನಿರ್ಮಲವಾಗಿರುವುವು. ಜನವರಿಯಿಂದ ಮೇವರೆಗೆ ವಾರಕ್ಕೊಮ್ಮೆ ಉತ್ತರಾ ಮತ್ತು ಚಿತ್ರೆಗಳಿಂದ ಗುರುವಿನ ದೂರವನ್ನು ಕೈ ಚಾಚಿ ಬೆರಳಗಲದಿಂದ ಅಳೆದು ಬರೆದಿಟ್ಟರೆ, ಗ್ರಹವು ಚಿತ್ರೆಯ ಕಡೆಗೆ ಬೆನ್ನು ತಿರುಗಿಸಿ ಪಶ್ಚಿಮಕ್ಕೆ ಸರಿಯುವುದು ಸ್ಪಷ್ಟವಾಗಿ ತಿಳಿದುಬರುವುದು.