ಜಾರಿದವರ ಸರದಿ

ಅಮೆರಿಕದಲ್ಲಿ ಪ್ರತಿ ವರ್ಷ ಏಪ್ರಿಲ್ ಕೊನೆಗೆ ಸುಮಾರು ಇನ್ನೂರೈವತ್ತು ಹುಡುಗರ ಹೆಸರನ್ನು ಒಂದಾದ ಮೇಲೊಂದರಂತೆ ಕೂಗುತ್ತಾರೆ. ಹೆಚ್ಚಿನವರಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಕೂಗುವ ಕ್ರಮವೇ ಅವರ ಬೆಲೆ. ಇದು ಅಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್. ಹೈದರಾಬಾದಿನಲ್ಲಿ ಕೂತು ಅಮೆರಿಕದ ಗಡಿಯಾರಕ್ಕೆ ದುಡಿಯುವ ನನ್ನಂಥವರಿಗೆ ಆ ವಾರ ಕಾಲ್‌ಗಳಲ್ಲಿ ಕೆಲಸಕ್ಕಿಂತ ಇದೇ ಮಾತು ಜಾಸ್ತಿ ಕೇಳಿಸುತ್ತದೆ. ಅದರಲ್ಲೂ ಒಂದು ಪದ ಮತ್ತೆ ಮತ್ತೆ ಬರುತ್ತದೆ: ‘ಸ್ಲೈಡ್’. ಮೊದಲ ಐದರಲ್ಲಿ ಬರಬೇಕಾದವನು ಐವತ್ತಕ್ಕೆ ಜಾರಿದ ಅನ್ನುವ ಅರ್ಥದಲ್ಲಿ. ಆಟದ ಮೇಲೆ ನನಗಿರುವ ಆಸಕ್ತಿ ಅಷ್ಟಕ್ಕಷ್ಟೇ. ಆದರೆ ಈ ಜಾರುವಿಕೆಯ ಚರಿತ್ರೆಯನ್ನು ಓದುತ್ತಾ ಹೋದ ಹಾಗೆ, ಕ್ಯಾಂಪಸ್ ಪ್ಲೇಸ್‌ಮೆಂಟಿನ ಕೋಣೆಗಳಲ್ಲಿ ಮೇಜಿನ ಆ ಕಡೆಗೂ ಈ ಕಡೆಗೂ ಕೂತಿದ್ದ ನನಗೆ ಇದು ದೂರದ ಕತೆ ಅನ್ನಿಸಲಿಲ್ಲ.

ಡ್ರಾಫ್ಟ್ ಅಂದರೆ ನಮ್ಮ ಐಪಿಎಲ್ ಹರಾಜಿನಂತಲ್ಲ. ಹರಾಜಿನಲ್ಲಿ ಇಬ್ಬರು ಹಠಕ್ಕೆ ಬಿದ್ದರೆ ಆಟಗಾರನ ಜೇಬು ತುಂಬುತ್ತದೆ. ಇಲ್ಲಿ ತಂಡಗಳು ಸರದಿಯಲ್ಲಿ ನಿಂತು ಒಬ್ಬೊಬ್ಬನನ್ನೇ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ತೀರಾ ಸೋತ ತಂಡಕ್ಕೆ ಮೊದಲ ಸರದಿ. ಈ ಏರ್ಪಾಡಿಗೆ ಕಾರಣನಾದವನು ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್. ಅವನ ತಂಡ ಸದಾ ಸೋಲುತ್ತಿತ್ತು, ಒಳ್ಳೆಯ ಹುಡುಗರೆಲ್ಲ ಹಣವಿದ್ದ ತಂಡಗಳಿಗೆ ಹೋಗುತ್ತಿದ್ದರು. 1936ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಒಂಬತ್ತು ತಂಡ, ಒಂಬತ್ತು ಸುತ್ತು, 81 ಹೆಸರು. ಮೊದಲನೆಯವನಾಗಿ ಆಯ್ಕೆಯಾದ ಜೇ ಬರ್ವ್ಯಾಂಗರ್ ಎನ್‌ಎಫ್‌ಎಲ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಬಡ ತಂಡಕ್ಕೆ ನ್ಯಾಯ ಸಿಕ್ಕಿತು, ನಿಜ. ಆದರೆ ಎಲ್ಲಿ ದುಡಿಯಬೇಕು, ಯಾವ ಊರಿಗೆ ಗಂಟುಮೂಟೆ ಕಟ್ಟಬೇಕು ಅನ್ನುವುದು ಹುಡುಗನ ಕೈಯಿಂದ ಹೋಯಿತು.

ಆ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡನ್ನು ಎಸೆಯುವವನು, ತಂಡದ ಮೆದುಳು. ಅವನ ಮುಂದೆ ಐದು ಜನ ದೈತ್ಯರು ಗೋಡೆಯ ಹಾಗೆ ನಿಲ್ಲುತ್ತಾರೆ. ಆ ಗೋಡೆಯನ್ನು ಸುತ್ತಿಯೋ, ನುಗ್ಗಿಯೋ, ಚೆಂಡು ಕೈಬಿಡುವುದರೊಳಗೆ ಅವನನ್ನು ಕೆಡವಬೇಕಾದವನು ಪಾಸ್ ರಷರ್. ಸಮಯ ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡ್. ಹಾಗೆ ಕೆಡವಿದರೆ ‘ಸ್ಯಾಕ್’. 1981ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ಗೆ ಬಂದ ಲಾರೆನ್ಸ್ ಟೇಲರ್ ಒಬ್ಬನೇ ಎದುರಾಳಿಗಳ ಯೋಜನೆಯನ್ನೆಲ್ಲ ಬುಡಮೇಲು ಮಾಡುವುದನ್ನು ಕಂಡ ಮೇಲೆ, ಕ್ವಾರ್ಟರ್‌ಬ್ಯಾಕ್ ಬಿಟ್ಟರೆ ತಂಡಗಳು ಹೆಚ್ಚು ಹುಡುಕುವುದು ಇಂಥವನನ್ನೇ. ಇಷ್ಟು ಬೇಡಿಕೆಯ ಹುಡುಗ ಜಾರುವುದಾದರೂ ಯಾಕೆ?

ಈ ಚರಿತ್ರೆ ಡೀಕನ್ ಜೋನ್ಸ್‌ನಿಂದ ಶುರುವಾಗಬೇಕು. 1938ರಲ್ಲಿ ಫ್ಲಾರಿಡಾದ ಈಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಕಪ್ಪು ಹುಡುಗ. ಸೌತ್ ಕ್ಯಾರೊಲೈನಾ ಸ್ಟೇಟ್ ಕಾಲೇಜಿನಲ್ಲಿ ಓದುತ್ತಿದ್ದಾಗ ನಾಗರಿಕ ಹಕ್ಕುಗಳ ಪ್ರತಿಭಟನೆಯಲ್ಲಿ ಪಾಲ್ಗೊಂಡ, ಅದಕ್ಕೆ ಅವನ ಸ್ಕಾಲರ್‌ಶಿಪ್ ಹೋಯಿತು. ಆಮೇಲೆ ಸೇರಿದ್ದು ಮಿಸಿಸಿಪಿಯ ಇನ್ನೊಂದು ಕಪ್ಪು ಜನರ ಕಾಲೇಜು. ಆಗಿನ ಕಾಲಕ್ಕೆ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳಿಗೆ ಕಪ್ಪು ಆಟಗಾರರಿಗೆ ಪ್ರವೇಶವಿರಲಿಲ್ಲ, ಅವರ ಕಾಲೇಜುಗಳ ಕಡೆಗೆ ಲೀಗಿನವರು ಹೆಚ್ಚಾಗಿ ತಿರುಗಿಯೂ ನೋಡುತ್ತಿರಲಿಲ್ಲ. ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದವರು ಬೇರೊಬ್ಬ ಓಟಗಾರನನ್ನು ಪರೀಕ್ಷಿಸಲು ಫಿಲ್ಮ್ ಹಾಕಿಕೊಂಡು ಕೂತಿದ್ದಾಗ, ಅವನನ್ನು ಬೆನ್ನಟ್ಟಿ ಹಿಡಿಯುತ್ತಿದ್ದ ಈ ಭಾರೀ ಆಳು ಕಣ್ಣಿಗೆ ಬಿದ್ದ. 1961ರ ಡ್ರಾಫ್ಟಿನಲ್ಲಿ ಹದಿನಾಲ್ಕನೇ ಸುತ್ತಿನಲ್ಲಿ, 186ನೆಯವನಾಗಿ ಅವನನ್ನು ತೆಗೆದುಕೊಂಡರು. ಟೆಲಿಫೋನ್ ಡೈರೆಕ್ಟರಿಯಲ್ಲಿ ಡೇವಿಡ್ ಜೋನ್ಸ್‌ಗಳು ಬಹಳ ಇದ್ದಾರೆಂದು ‘ಡೀಕನ್’ ಅನ್ನುವ ಹೆಸರನ್ನು ತಾನೇ ಇಟ್ಟುಕೊಂಡ. ‘ಸ್ಯಾಕ್’ ಅನ್ನುವ ಪದವನ್ನು ಬಳಕೆಗೆ ತಂದವನೂ ಅವನೇ ಅನ್ನುತ್ತಾರೆ. ಲೀಗ್ ಸ್ಯಾಕ್‌ಗಳ ಅಧಿಕೃತ ಲೆಕ್ಕ ಇಡಲು ಶುರು ಮಾಡಿದ್ದು 1982ರಲ್ಲಿ, ಅವನು ಆಟ ಬಿಟ್ಟು ಎಷ್ಟೋ ವರ್ಷಗಳ ಮೇಲೆ. ನಂತರದವರು ಹಳೆಯ ದಾಖಲೆಗಳನ್ನು ಹುಡುಕಿ ಅವನ ಲೆಕ್ಕ 173.5 ಎಂದು ಹೇಳಿದ್ದಾರೆ. ಜೋನ್ಸ್ ಎಲ್ಲಿಂದಲೂ ಜಾರಿದ್ದಲ್ಲ, ಅವನನ್ನು ಮೇಲೆ ಹತ್ತಲು ಬಿಟ್ಟೇ ಇರಲಿಲ್ಲ. ಅಳೆಯುವವರು ಹೋಗದ ಊರಿನಲ್ಲಿ ಆಡುತ್ತಿದ್ದ, ಅಷ್ಟೇ.

ಮುಂದೆ ಅಳೆಯುವವರು ಎಲ್ಲ ಕಡೆಗೂ ಹೋದರು. 1980ರಿಂದ ಡ್ರಾಫ್ಟ್ ಟೀವಿಯಲ್ಲಿ ನೇರ ಪ್ರಸಾರವಾಯಿತು. 1982ರಲ್ಲಿ ಟ್ಯಾಂಪಾದಲ್ಲಿ ಹುಡುಗರನ್ನೆಲ್ಲ ಒಂದೆಡೆ ಸೇರಿಸಿ ಪರೀಕ್ಷಿಸುವ ಶಿಬಿರ ಶುರುವಾಯಿತು. ತಂಡದ ವೈದ್ಯರು ಒಬ್ಬೊಬ್ಬನನ್ನೂ ಬೇರೆ ಬೇರೆಯಾಗಿ ಕರೆಸಿ ನೋಡುವುದು ತಪ್ಪಲಿ ಅನ್ನುವುದು ಅದರ ಮೂಲ ಉದ್ದೇಶವಾಗಿತ್ತು. 1987ರಿಂದ ಇಂಡಿಯನಾಪೊಲಿಸ್‌ನಲ್ಲಿ ನಡೆಯುವ ಈ ‘ಕಂಬೈನ್’ ಈಗ ದೊಡ್ಡ ಜಾತ್ರೆ. ನಲವತ್ತು ಯಾರ್ಡ್ ಓಟ, ನೆಗೆತ, ತೋಳಿನ ಉದ್ದ, ಅಂಗೈ ಅಗಲ, ಮೊಣಕಾಲಿನ ಸ್ಕ್ಯಾನ್, ಮೂತ್ರಪರೀಕ್ಷೆ, ರಾತ್ರಿ ಹೊತ್ತು ತಂಡದವರ ಸಂದರ್ಶನ. ದಾನಕ್ಕೆ ಬಂದ ಎಮ್ಮೆಯ ಹಲ್ಲನ್ನು ಹಿಡಿದು ನೋಡಬಾರದು ಅನ್ನುತ್ತಾರೆ ನಮ್ಮ ಕಡೆ. ಇದು ದಾನವಲ್ಲ, ಕೋಟಿಗಟ್ಟಲೆ ಡಾಲರಿನ ವ್ಯವಹಾರ, ಹಲ್ಲು ನೋಡಲಿ. ಆದರೆ ಎಮ್ಮೆ ಹಾಲು ಕೊಡುತ್ತದೋ ಇಲ್ಲವೋ ಅನ್ನುವುದು ಹಲ್ಲಿನಲ್ಲಿ ಬರೆದಿರುವುದಿಲ್ಲವಲ್ಲ.

1995ರ ಡ್ರಾಫ್ಟಿನಲ್ಲಿ ಇದು ಒಂದೇ ವ್ಯವಹಾರದ ಎರಡು ಮುಖಗಳಾಗಿ ಕಂಡಿತು. ಬಾಸ್ಟನ್ ಕಾಲೇಜಿನ ಮೈಕ್ ಮಮುಲಾ ಕಂಬೈನಿನ ಪರೀಕ್ಷೆಗಳಿಗೆಂದೇ ತಯಾರಿ ನಡೆಸಿ ಬಂದಿದ್ದ. ನೂರಹತ್ತು ಕೆಜಿಗೂ ಮೇಲಿನ ಮೈಯನ್ನು ಹೊತ್ತು ನಲವತ್ತು ಯಾರ್ಡನ್ನು ಸುಮಾರು 4.6 ಸೆಕೆಂಡಿನಲ್ಲಿ ಓಡಿದ. ಈಗಲ್ಸ್ ತಂಡಕ್ಕೆ ಅವನು ಬೇಕೇ ಬೇಕೆನಿಸಿತು. ತನ್ನ 12ನೇ ಸರದಿಯ ಜೊತೆಗೆ ಎರಡನೇ ಸುತ್ತಿನ ಎರಡು ಸರದಿಗಳನ್ನೂ ಟ್ಯಾಂಪಾ ಬೇ ತಂಡಕ್ಕೆ ಕೊಟ್ಟು 7ನೇ ಸ್ಥಾನಕ್ಕೆ ಏರಿ ಅವನನ್ನು ಪಡೆಯಿತು. ಅದೇ ಹೊತ್ತಿಗೆ ಮಿಯಾಮಿ ವಿಶ್ವವಿದ್ಯಾಲಯದ ವಾರೆನ್ ಸ್ಯಾಪ್ ಜಾರುತ್ತಿದ್ದ. ಗೋಡೆಯ ನಟ್ಟನಡುವಿನಿಂದಲೇ ನುಗ್ಗಬಲ್ಲ ಅಪರೂಪದ ಆಳು. ಆದರೆ ಡ್ರಾಫ್ಟಿಗೆ ಸ್ವಲ್ಪ ಮುಂಚೆ ಅವನ ಡ್ರಗ್ ಪರೀಕ್ಷೆಗಳ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಹರಡಿತ್ತು. ಒಂದರ ಹಿಂದೊಂದು ತಂಡ ಅವನನ್ನು ದಾಟಿಕೊಂಡು ಹೋಯಿತು. ಕೊನೆಗೆ ಈಗಲ್ಸ್ ಬಿಟ್ಟುಕೊಟ್ಟ ಅದೇ 12ನೇ ಸರದಿಯಲ್ಲಿ ಟ್ಯಾಂಪಾ ಬೇ ಅವನನ್ನು ಆರಿಸಿತು. ಮಮುಲಾ ಗಾಯಗಳ ನಡುವೆ ಐದು ಋತು ಆಡಿ 31.5 ಸ್ಯಾಕ್ ಗಳಿಸಿದ. ಕೆಟ್ಟ ಲೆಕ್ಕವೇನಲ್ಲ, ಆದರೆ ಇವತ್ತಿಗೂ ‘ಪರೀಕ್ಷೆಯಲ್ಲಿ ಮಾತ್ರ ಗೆದ್ದವನು’ ಅನ್ನುವುದಕ್ಕೆ ಪಾಪ ಅವನ ಹೆಸರನ್ನೇ ಹೇಳುತ್ತಾರೆ. ಸ್ಯಾಪ್ 96.5 ಸ್ಯಾಕ್ ಗಳಿಸಿದ, 2003ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದ, 2013ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

ಇನ್ನು 2003ರ ಟೆರೆಲ್ ಸಗ್ಸ್. ಅರಿಜೋನಾ ಸ್ಟೇಟ್‌ನಲ್ಲಿ ಒಂದೇ ಋತುವಿನಲ್ಲಿ 24 ಸ್ಯಾಕ್ ಗಳಿಸಿ ಕಾಲೇಜು ದಾಖಲೆ ಮಾಡಿದ್ದ. ಆದರೆ ಡ್ರಾಫ್ಟಿಗೆ ಮುಂಚಿನ ಓಟದಲ್ಲಿ ಗಡಿಯಾರ 4.8 ಸೆಕೆಂಡಿನ ಆಸುಪಾಸು ತೋರಿಸಿತು. ಪಾಸ್ ರಷರ್‌ಗೆ ಇದು ನಿಧಾನ ಅಂದರು. ಎರಡೂವರೆ ಸೆಕೆಂಡಿನಲ್ಲಿ ಮುಗಿಯುವ ಕೆಲಸಕ್ಕೆ ನಲವತ್ತು ಯಾರ್ಡ್ ಓಡಿಸುವುದು ಯಾಕೆ ಅಂತ ನೀವು ಕೇಳಬಹುದು. ಅಲ್ಲಿನವರೂ ಕೇಳುತ್ತಾರೆ. ಬೇಕಾದದ್ದು ಮೊದಲ ಹೆಜ್ಜೆಯ ಚುರುಕು, ಬಗ್ಗಿ ತಿರುಗುವ ಸೊಂಟ, ಎದುರಿನವನ ಕೈ ಬಿಡಿಸಿಕೊಳ್ಳುವ ಜಾಣತನ. ಅವನ್ನೆಲ್ಲ ಒಂದು ಅಂಕಿಯಲ್ಲಿ ಹೇಳುವುದು ಕಷ್ಟ. 4.8 ಅನ್ನುವುದು ಸಲೀಸು.

ಸಗ್ಸ್‌ನ ಕತೆಯಲ್ಲಿ ಶುದ್ಧ ಆಕಸ್ಮಿಕವೂ ಇದೆ. ಹತ್ತನೇ ಸರದಿಯ ಬಾಲ್ಟಿಮೋರ್ ರೇವನ್ಸ್‌ಗೆ ಆ ದಿನ ಬೇಕಾಗಿದ್ದುದು ಬೈರನ್ ಲೆಫ್ಟ್‌ವಿಚ್ ಎಂಬ ಕ್ವಾರ್ಟರ್‌ಬ್ಯಾಕ್. ಅವನಿಗಾಗಿ ಏಳನೇ ಸರದಿಯ ಮಿನೆಸೋಟ ವೈಕಿಂಗ್ಸ್ ಜೊತೆ ಅದಲು ಬದಲಿನ ಮಾತುಕತೆ ನಡೆಸಿತ್ತು. ಆಗ ಮೊದಲ ಸುತ್ತಿನಲ್ಲಿ ಪ್ರತಿ ತಂಡಕ್ಕೆ ಹದಿನೈದು ನಿಮಿಷ. ಒಪ್ಪಂದ ಕುದುರುವುದರೊಳಗೆ ಆ ಹದಿನೈದು ನಿಮಿಷ ಮುಗಿದೇ ಹೋಯಿತು! ಹಿಂದೆ ನಿಂತಿದ್ದ ಜಾಕ್ಸನ್‌ವಿಲ್ ತಂಡ ಓಡಿ ಬಂದು ಲೆಫ್ಟ್‌ವಿಚ್‌ನನ್ನು ಎತ್ತಿಕೊಂಡಿತು. ಬಯಸಿದವನನ್ನು ಕಳೆದುಕೊಂಡ ರೇವನ್ಸ್ ಹತ್ತನೆಯವನಾಗಿ ಸಗ್ಸ್‌ನನ್ನು ತೆಗೆದುಕೊಂಡಿತು. ಅವನು ಮೊದಲ ವರ್ಷವೇ 12 ಸ್ಯಾಕ್ ಗಳಿಸಿದ, 2011ರಲ್ಲಿ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರನಾದ, 139 ಸ್ಯಾಕ್‌ಗಳೊಂದಿಗೆ ನಿವೃತ್ತನಾದ. ಪಕ್ಕದ ಮೇಜಿನ ಗಡಿಯಾರ ಇನ್ನೊಂದೆರಡು ನಿಮಿಷ ತಡವಾಗಿ ಓಡಿದ್ದರೆ ಅವನ ಊರು, ತಂಡ, ಬಹುಶಃ ಬದುಕೂ ಬೇರೆಯದಾಗುತ್ತಿತ್ತು.

ಜಾರುವಿಕೆಗೆ ಅದರದ್ದೇ ಒಂದು ವೇಗವಿದೆ. ನಮ್ಮ ಮನೆಗಳಲ್ಲಿ ಗಂಡು-ಹೆಣ್ಣು ನೋಡುವಾಗ ಅನ್ನುವುದಿಲ್ಲವೇ, ‘ಇಷ್ಟು ದಿನ ಯಾವ ಸಂಬಂಧವೂ ಕೂಡಿ ಬಂದಿಲ್ಲ ಅಂದ್ರೆ ಏನೋ ಇರಬೇಕು ಕಣ್ರೀ’ ಅಂತ. ಡ್ರಾಫ್ಟಿನಲ್ಲೂ ಹಾಗೆಯೇ. ಮೊದಲ ನಾಲ್ಕು ತಂಡಗಳು ಬಿಟ್ಟದ್ದು ಅವರಿಗೆ ಕ್ವಾರ್ಟರ್‌ಬ್ಯಾಕ್ ಬೇಕಿತ್ತು ಅನ್ನುವ ಕಾರಣಕ್ಕೇ ಇರಬಹುದು. ಆದರೆ ಐದನೆಯವರು ಅನುಮಾನಿಸುತ್ತಾರೆ: ಇವರಿಗೆಲ್ಲ ಗೊತ್ತಿರುವುದು ನಮಗೆ ಗೊತ್ತಿಲ್ಲವೇ? ಒಬ್ಬರು ಬಿಟ್ಟದ್ದೇ ಇನ್ನೊಬ್ಬರು ಬಿಡಲು ಕಾರಣ. ತೆಗೆದುಕೊಂಡು ಕೆಟ್ಟರೆ ಕೆಲಸ ಹೋಗುವುದು ಆರಿಸಿದ ಮ್ಯಾನೇಜರನದ್ದು. ಎಲ್ಲರೂ ಬಿಟ್ಟವನನ್ನು ತಾನೂ ಬಿಟ್ಟರೆ ಅವನನ್ನು ಕೇಳುವವರಿಲ್ಲ. ನಾನು ಕೂತಿದ್ದ ಸಂದರ್ಶನ ಸಮಿತಿಗಳಲ್ಲೂ ಈ ಲೆಕ್ಕಾಚಾರ ನಡೆಯುತ್ತಿತ್ತು. ‘ಮೂರನೇ ದಿನದವರೆಗೂ ಯಾರೂ ತಗೊಂಡಿಲ್ಲವಲ್ಲ’ ಅನ್ನುವ ಒಂದು ಮಾತಿಗೆ, ಆ ಹುಡುಗಿಯ ಉತ್ತರಗಳು ಎಷ್ಟು ಚೆನ್ನಾಗಿದ್ದವು ಅನ್ನುವುದು ಹಿಂದೆ ಸರಿಯುತ್ತಿತ್ತು.

ಹಾಗಂತ ಜಾರಿದವರೆಲ್ಲ ಅನ್ಯಾಯಕ್ಕೊಳಗಾದ ಪ್ರತಿಭೆಗಳು ಅನ್ನುವುದು ಸಿನಿಮಾದ ಮಾತು. ಕ್ಲೆಮ್ಸನ್‌ನ ಡಾಕ್ವಾನ್ ಬವರ್ಸ್ 2010ರಲ್ಲಿ 15.5 ಸ್ಯಾಕ್‌ಗಳೊಂದಿಗೆ ಕಾಲೇಜು ಆಟಗಾರರಲ್ಲೇ ಮುಂದಿದ್ದ. ಮೊದಲನೆಯವನಾಗಿಯೇ ಆಯ್ಕೆಯಾಗಬಹುದು ಅನ್ನುವ ಮಾತೂ ಇತ್ತು. ಋತು ಮುಗಿದ ಮೇಲೆ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. 2011ರ ಡ್ರಾಫ್ಟಿನಲ್ಲಿ 51ನೇ ಸ್ಥಾನಕ್ಕೆ ಜಾರಿದ. ಮರುವರ್ಷ ಹಿಮ್ಮಡಿಯ ಸ್ನಾಯು ಹರಿಯಿತು. ಲೀಗಿನಲ್ಲಿ ಅವನ ಒಟ್ಟು ಲೆಕ್ಕ ಹತ್ತು ಸ್ಯಾಕನ್ನೂ ಮುಟ್ಟಲಿಲ್ಲ. ಇಲ್ಲಿ ವೈದ್ಯರು ಹೆದರಿದ್ದು ಸರಿಯಾಗಿಯೇ ಇತ್ತು. ಜಾರಿಯೂ ಗೆದ್ದವರ ಹೆಸರುಗಳು ನೆನಪಿನಲ್ಲಿ ಉಳಿಯುತ್ತವೆ, ಜಾರಿ ಕಾಣೆಯಾದವರು ಪಟ್ಟಿಯಲ್ಲಿ ಮಾತ್ರ ಇರುತ್ತಾರೆ.

ಎಲ್ಲಕ್ಕಿಂತ ಕಷ್ಟದ ಪ್ರಕರಣ ಮೈಕಲ್ ಸ್ಯಾಮ್‌ನದ್ದು. ಮಿಸೌರಿ ವಿಶ್ವವಿದ್ಯಾಲಯದ ಆಟಗಾರ. 2013ರಲ್ಲಿ 11.5 ಸ್ಯಾಕ್ ಗಳಿಸಿ, ಅತ್ಯಂತ ಕಠಿಣವೆನಿಸಿಕೊಂಡ ಎಸ್‌ಇಸಿ ಗುಂಪಿನಲ್ಲಿ ವರ್ಷದ ರಕ್ಷಣಾ ಆಟಗಾರ ಪ್ರಶಸ್ತಿಯನ್ನು ಇನ್ನೊಬ್ಬನ ಜೊತೆ ಹಂಚಿಕೊಂಡ. 2014ರ ಫೆಬ್ರವರಿಯಲ್ಲಿ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದ. ಆ ತನಕ ಅವನನ್ನು ಮಧ್ಯದ ಸುತ್ತುಗಳಲ್ಲಿ ನಿರೀಕ್ಷಿಸುತ್ತಿದ್ದರು. ಮೇ ತಿಂಗಳ ಡ್ರಾಫ್ಟಿನಲ್ಲಿ 256 ಹೆಸರುಗಳ ಪೈಕಿ 249ನೆಯದಾಗಿ ಸೇಂಟ್ ಲೂಯಿಸ್ ರ‍್ಯಾಮ್ಸ್ ಅವನ ಹೆಸರನ್ನು ಕೂಗಿತು. ಆಗಸ್ಟ್ ಕೊನೆಗೆ ಕೈಬಿಟ್ಟಿತು. ಲೀಗಿನ ಋತುವಿನ ಒಂದು ಪಂದ್ಯವನ್ನೂ ಅವನು ಆಡಲಿಲ್ಲ. ಕಾರಣ ಕೇಳಿದರೆ ಎಲ್ಲರ ಬಳಿಯೂ ಗೌರವಾನ್ವಿತ ಉತ್ತರವಿತ್ತು. ಕಂಬೈನಿನ ಓಟ 4.91 ಸೆಕೆಂಡ್. ಅಂಚಿನಲ್ಲಿ ಆಡಲು ಎತ್ತರ ಸಾಲದು, ಹಿಂದೆ ಸರಿದು ಆಡಲು ವೇಗ ಸಾಲದು. ಈ ಅಂಕಿಗಳು ಸುಳ್ಳಲ್ಲ. ಆದರೆ ಅದೇ ನಿಧಾನದ ಓಟ ಸಗ್ಸ್‌ನನ್ನು ಹತ್ತನೇ ಸ್ಥಾನದಲ್ಲಿ ನಿಲ್ಲಿಸಿತ್ತು. ಅಂಕಿ ಎಲ್ಲಿ ಮುಗಿಯಿತು, ಅಂಜಿಕೆ ಎಲ್ಲಿ ಶುರುವಾಯಿತು ಅನ್ನುವುದನ್ನು ಬಿಡಿಸಿ ಹೇಳಲು ಆಗುವುದಿಲ್ಲ. ಭೇದಭಾವಕ್ಕೆ ಬೇಕಾಗಿರುವುದೂ ಅಂಥ ಮಬ್ಬೇ. 1961ರಲ್ಲಿ ಕಾರಣವನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ, 2014ಕ್ಕೆ ಹೇಳಿಕೊಳ್ಳಲು ಒಂದು ಅಂಕಿ ಸಿಕ್ಕಿತ್ತು.

ಜಾರಿದ ಪ್ರತಿ ಸ್ಥಾನಕ್ಕೂ ಬೆಲೆ ತೆರುವವನು ಹುಡುಗನೇ. 2011ರ ಒಪ್ಪಂದದ ನಂತರ ಹೊಸಬರ ಸಂಬಳ ಹೆಚ್ಚು ಕಡಿಮೆ ಆಯ್ಕೆಯ ಕ್ರಮದ ಮೇಲೆಯೇ ನಿಂತಿದೆ, ಅದೂ ನಾಲ್ಕು ವರ್ಷಕ್ಕೆ. ಎಲುಬು ಮುರಿಯುವ ಆ ಆಟದಲ್ಲಿ ಎಷ್ಟೋ ಜನರ ಇಡೀ ವೃತ್ತಿಯೇ ಅಷ್ಟು ಉದ್ದವಿರುವುದಿಲ್ಲ. ಕಡಿಮೆ ಬೆಲೆಗೆ ಸಿಕ್ಕ ರತ್ನ ಎಂದು ಆಮೇಲೆ ತಂಡದವರು ಹೆಮ್ಮೆ ಪಡುತ್ತಾರೆ. ರತ್ನಕ್ಕೆ ಬಾಕಿ ಹಣವನ್ನೇನೂ ಕೊಡುವುದಿಲ್ಲ. ಅಳತೆಗೋಲುಗಳೂ ಬದಲಾಗುತ್ತವೆ. 2015ರಲ್ಲಿ ಗಾಂಜಾ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದಕ್ಕೆ ನೆಬ್ರಾಸ್ಕಾದ ರ‍್ಯಾಂಡಿ ಗ್ರೆಗರಿ 60ನೇ ಸ್ಥಾನಕ್ಕೆ ಬಿದ್ದ, ಮುಂದೆ ಹಲವು ಬಾರಿ ಅಮಾನತಾದ. 2020ರ ಒಪ್ಪಂದದಲ್ಲಿ ಲೀಗ್, ಬರೀ ಗಾಂಜಾ ಪರೀಕ್ಷೆಯ ಫಲಿತಾಂಶಕ್ಕೆ ಅಮಾನತು ಮಾಡುವುದನ್ನೇ ಕೈಬಿಟ್ಟಿತು.

ನಾವು ಊರು ಬಿಟ್ಟು ಬಂದವರು. ನಮ್ಮಲ್ಲಿ ಅನೇಕರನ್ನು ಇಲ್ಲಿಗೆ ತಂದು ನಿಲ್ಲಿಸಿದ್ದೂ ಒಂದು ರ‍್ಯಾಂಕು, ಒಂದು ಕಟ್-ಆಫ್, ಯಾವುದೋ ಪ್ಯಾನೆಲ್ಲಿನ ಹದಿನೈದು ನಿಮಿಷ. ಈಗ ನಮ್ಮಲ್ಲೇ ಕೆಲವರು ಮೇಜಿನ ಆ ಕಡೆ ಕೂರುತ್ತೇವೆ. ಅಳೆಯದೆ ಆಯ್ಕೆ ಮಾಡಲು ಆಗುವುದಿಲ್ಲ, ಒಪ್ಪೋಣ. ಆದರೆ ಒಬ್ಬ ಅಭ್ಯರ್ಥಿಯನ್ನು ಬಿಡುವಾಗ ಮೂರು ಪ್ರಶ್ನೆಗಳನ್ನಾದರೂ ಕೇಳಿಕೊಳ್ಳಬಹುದು. ಈ ಅಂಕಿ ನಾವು ಕೊಡುವ ಕೆಲಸವನ್ನು ಅಳೆಯುತ್ತದೆಯೇ? ಇದು ನಮಗೆ ಗೊತ್ತಿರುವ ಸಂಗತಿಯೋ, ಗಾಳಿಮಾತೋ? ಬೇರೆಯವರು ಬಿಟ್ಟಿದ್ದಾರೆ ಅನ್ನುವುದರ ಹೊರತು ನಮ್ಮ ಕೈಯಲ್ಲಿ ಇನ್ನೊಂದು ಕಾರಣ ಇದೆಯೇ?

ಡೀಕನ್ ಜೋನ್ಸ್ 2013ರಲ್ಲಿ ತೀರಿಕೊಂಡ. ಅದೇ ವರ್ಷ ಲೀಗ್ ಅವನ ಹೆಸರಿನಲ್ಲಿ ಒಂದು ಪ್ರಶಸ್ತಿ ಸ್ಥಾಪಿಸಿತು. ಋತುವಿನಲ್ಲಿ ಅತಿ ಹೆಚ್ಚು ಸ್ಯಾಕ್ ಗಳಿಸಿದವನಿಗೆ ಅದು ಸಲ್ಲುತ್ತದೆ. ಮೊದಲ ಐದರಲ್ಲಿ ಆಯ್ಕೆಯಾದ ಹುಡುಗರೂ ಈಗ ಆಸೆಪಡುವುದು, ಹದಿನಾಲ್ಕನೇ ಸುತ್ತಿನಲ್ಲಿ 186ನೆಯವನಾಗಿ ಬಂದವನ ಹೆಸರಿನ ಆ ಪ್ರಶಸ್ತಿಗೆ.