ಸ್ತನ್ಯಪಾನದ ಅವಧಿಯಲ್ಲಿ ಎಡಿಎಚ್‌ಡಿ ಉತ್ತೇಜಕ ಔಷಧಗಳು

ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಗೆ (ಎಡಿಎಚ್‌ಡಿ) ನೀಡಲಾಗುವ ಉತ್ತೇಜಕ ಔಷಧಗಳಲ್ಲಿ ಮೀಥೈಲ್‌ಫೆನಿಡೇಟ್ ಹಾಗೂ ಆಂಫೆಟಮಿನ್ ವರ್ಗದವು ಮುಖ್ಯವಾದವು. ಎರಡೂ ಎದೆಹಾಲಿಗೆ ಸೇರುತ್ತವೆ, ಆದರೆ ಸೇರುವ ಪ್ರಮಾಣ ಒಂದೇ ಅಲ್ಲ. ಭಾರತದಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವುದು ಮೀಥೈಲ್‌ಫೆನಿಡೇಟ್.

ಹಾಲಿನಲ್ಲಿ ಔಷಧದ ಪ್ರಮಾಣ

ತಾಯಿಯ ಸೇವನೆಯ ಎಷ್ಟು ಭಾಗ ಮಗುವಿಗೆ ತಲುಪುತ್ತದೆ ಎಂಬುದನ್ನು ಇಬ್ಬರ ದೇಹತೂಕಕ್ಕೆ ಅನುಗುಣವಾಗಿ ಲೆಕ್ಕ ಹಾಕಲಾಗುತ್ತದೆ. ಸಾಮಾನ್ಯವಾಗಿ ಶೇ. 10ಕ್ಕಿಂತ ಕಡಿಮೆಯಿದ್ದರೆ ಸ್ವೀಕಾರಾರ್ಹವೆಂದು ಪರಿಗಣಿಸುವುದು ವಾಡಿಕೆ. ಮೀಥೈಲ್‌ಫೆನಿಡೇಟ್‌ಗೆ ಇದು ಶೇ. 1ಕ್ಕೂ ಕಡಿಮೆ; ಡೆಕ್ಸಾಂಫೆಟಮಿನ್‌ಗೆ ಸುಮಾರು ಶೇ. 6, ಕೆಲವರಲ್ಲಿ ಶೇ. 10ನ್ನು ಮೀರಿದ್ದೂ ಉಂಟು. ವರದಿಯಾದ ಶಿಶುಗಳಲ್ಲಿ ತೊಂದರೆ ಕಂಡಿಲ್ಲವಾದರೂ ಅವುಗಳ ಸಂಖ್ಯೆ ಬಹಳ ಚಿಕ್ಕದು. ಆದುದರಿಂದ ‘ಸುರಕ್ಷಿತ’ ಎನ್ನುವುದಕ್ಕಿಂತ ‘ಹಾನಿ ಕಂಡುಬಂದಿಲ್ಲ’ ಎನ್ನುವುದೇ ಸರಿ. ಅಮೆರಿಕದಲ್ಲಿ ಆಂಫೆಟಮಿನ್ ಔಷಧಗಳ ಲಿಖಿತ ಸೂಚನೆಗಳು ಹಾಲೂಡಿಸುವುದನ್ನು ಅನುಮೋದಿಸುವುದಿಲ್ಲ.

ತಾಯಿ ಮತ್ತು ಶಿಶುವಿನ ನಿಗಾ

ಉತ್ತೇಜಕಗಳು ಹಸಿವನ್ನು ಕುಗ್ಗಿಸುತ್ತವೆ. ಬಾಣಂತಿಯ ಆಹಾರ ಮೊದಲೇ ಸಾಲದಿರುವ ಮನೆಗಳಲ್ಲಿ ಇದನ್ನು ಲಘುವಾಗಿ ಪರಿಗಣಿಸಲಾಗದು. ಅಧಿಕ ಪ್ರಮಾಣದಲ್ಲಿ ಪ್ರೊಲ್ಯಾಕ್ಟಿನ್ ಕಡಿಮೆಯಾಗಿ ಹಾಲು ಇಳಿಮುಖವಾಗಬಹುದು. ಶಿಶುವಿನಲ್ಲಿ ಕಿರಿಕಿರಿ, ನಿದ್ರಾಹೀನತೆ, ಹಾಲು ಕುಡಿಯಲು ನಿರಾಸಕ್ತಿ, ತೂಕ ಏರದಿರುವುದು ಇವನ್ನು ಗಮನಿಸಬೇಕು. ಆಶಾ ಕಾರ್ಯಕರ್ತೆಯರು ಹೆರಿಗೆಯ ನಂತರ 42ನೆಯ ದಿನದವರೆಗೆ ಮನೆಗೆ ಭೇಟಿ ನೀಡಿ ಮಗುವನ್ನು ತೂಗುವುದು ಇಲ್ಲಿ ಬಹಳ ಉಪಯುಕ್ತ. ಅಲ್ಪಾವಧಿಯ ಮಾತ್ರೆಯನ್ನು ಹಾಲೂಡಿಸಿದ ಕೂಡಲೇ ಸೇವಿಸಿದರೆ ಮುಂದಿನ ಸಲದ ಹಾಲಿನಲ್ಲಿ ಅಂಶ ಕಡಿಮೆಯಿರುವ ಸಾಧ್ಯತೆಯಿದೆ. ಔಷಧವನ್ನು ಹಠಾತ್ತಾಗಿ ನಿಲ್ಲಿಸುವುದರಲ್ಲಿಯೂ ಅಪಾಯವುಂಟು: ಎಡಿಎಚ್‌ಡಿ ಲಕ್ಷಣಗಳು ಮರಳಿದರೆ ಕೂಸಿನ ಆರೈಕೆಯೇ ತಪ್ಪೀತು. ಉತ್ತೇಜಕವಲ್ಲದ ಅಟೊಮಾಕ್ಸೆಟಿನ್‌ಗೆ ಬದಲಾಯಿಸುವುದು ಸುಲಭ ಪರಿಹಾರವೆನಿಸಿದರೂ, ಎದೆಹಾಲಿನಲ್ಲಿ ಅದರ ಬಗೆಗಿನ ಮಾಹಿತಿ ಇನ್ನೂ ಕಡಿಮೆ.

ಯಾದಗಿರಿ ಜಿಲ್ಲೆಯಲ್ಲಿ

2009ರ ಡಿಸೆಂಬರ್ 30ರಂದು ರಚನೆಯಾದ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ತಾಲ್ಲೂಕುಗಳಿಂದ ಬೆಂಗಳೂರಿಗೆ ದುಡಿಯಲು ಹೋದ ಕುಟುಂಬಗಳು ಅನೇಕ. ನಗರದಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಮಹಿಳೆ ಬಾಣಂತನಕ್ಕೆ ತವರಿಗೆ ಬಂದಾಗ ಔಷಧದ ಸರಪಳಿ ಕಡಿಯಬಹುದು. ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್‌ಗೆ ಸೇರಿದ್ದು, ಪ್ರತ್ಯೇಕ ಪರವಾನಗಿಯ ಅಂಗಡಿಯಲ್ಲಿ, ಎರಡು ಪ್ರತಿಗಳ ಚೀಟಿಯ ಮೇಲೆ ಮಾತ್ರ ದೊರೆಯುತ್ತದೆ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಗಳ ಪ್ರಕಾರ ಇದನ್ನು ದೂರವಾಣಿ ಅಥವಾ ವಿಡಿಯೊ ಮೂಲಕ ಬರೆದುಕೊಡುವಂತಿಲ್ಲ. ಆದ್ದರಿಂದ ಟೆಲಿ ಮಾನಸ್ ಸಹಾಯವಾಣಿಯಿಂದ (14416) ಸಲಹೆ ಸಿಗಬಹುದೇ ಹೊರತು ಔಷಧವಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರನ್ನು ಕಾಣಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಶಿಬಿರಗಳೂ ಇದಕ್ಕೆಂದೇ ರೂಪುಗೊಂಡವು. ಕ್ಲಿಷ್ಟ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ಘಟಕವಿದೆ. ತವರಿಗೆ ಹೊರಡುವ ಮುನ್ನವೇ ವೈದ್ಯರಿಂದ ಚಿಕಿತ್ಸೆಯ ವಿವರಪತ್ರ ಪಡೆದಿದ್ದರೆ ಸ್ಥಳೀಯ ಮನೋವೈದ್ಯರು ಹೊಸ ಚೀಟಿ ನೀಡಬೇಕೇ ಎಂದು ನಿರ್ಧರಿಸಲು ಅನುಕೂಲ.