ಜ್ವರದ ಭಯವೂ ಪ್ರಯಾಣದ ಹಾದಿಯೂ: ಪುಣೆಯ ಅನುಭವ ಕಲಿಸಿದ್ದು

ಪುಣೆಯಲ್ಲಿ ನೆಲೆಸಿರುವ ನಮ್ಮಂತಹ ಕನ್ನಡಿಗರಿಗೆ ಪ್ರಯಾಣವೆಂಬುದು ಬರಿಯ ವಿಹಾರವಲ್ಲ. ಅದು ಬದುಕಿನ ಒಂದು ಅಂಗ. ಹಬ್ಬ, ಮದುವೆ, ಜಾತ್ರೆ, ಊರಿನಲ್ಲಿರುವ ವೃದ್ಧ ತಂದೆತಾಯಿಯರ ಆರೈಕೆ, ಹೀಗೆ ಒಂದಲ್ಲ ಒಂದು ಕಾರಣಕ್ಕಾಗಿ ಸಾತಾರಾ, ಕೊಲ್ಹಾಪುರ, ನಿಪ್ಪಾಣಿಗಳ ಹೆದ್ದಾರಿ ಹಿಡಿದು ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳಿಗೂ, ಸೊಲ್ಲಾಪುರದ ರೈಲು ಹಿಡಿದು ಕಲಬುರಗಿ, ರಾಯಚೂರುಗಳಿಗೂ ನಾವು ಓಡಾಡುತ್ತಲೇ ಇರುತ್ತೇವೆ. ಆದುದರಿಂದ ಈ ನಗರದಲ್ಲಿ ಜ್ವರದ ಸುದ್ದಿ ಹಬ್ಬಿದಾಗಲೆಲ್ಲ ನಮ್ಮ ಮುಂದೆ ಮೊದಲು ಏಳುವ ಪ್ರಶ್ನೆ ಒಂದೇ: ಊರಿಗೆ ಹೋಗಬೇಕೆ, ಬೇಡವೆ? 2009ರ ಹಂದಿಜ್ವರದ ದಿನಗಳಲ್ಲಿ ಈ ಪ್ರಶ್ನೆ ನಮ್ಮನ್ನು ತೀವ್ರವಾಗಿ ಕಾಡಿತು. ಅದಕ್ಕೆ ಹಿಂದೆಯೂ ಕಾಡಿತ್ತು, ಮುಂದೆಯೂ ಕಾಡಿತು. ಆ ಅನುಭವಗಳನ್ನು ಒಂದೆಡೆ ಸೇರಿಸಿ, ಅವುಗಳಿಂದ ತಿಳಿಯಬಹುದಾದುದನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

2009ರ ಆಗಸ್ಟ್ ತಿಂಗಳು

2009ರ ಏಪ್ರಿಲ್‌ನಲ್ಲಿ ಮೆಕ್ಸಿಕೊ ಹಾಗೂ ಅಮೆರಿಕಗಳಲ್ಲಿ ಇನ್‌ಫ್ಲುಯೆಂಜಾದ ಹೊಸ ವೈರಾಣುವೊಂದು ಪತ್ತೆಯಾಯಿತು. ವಿಜ್ಞಾನಿಗಳು ಅದನ್ನು ಎಚ್1ಎನ್1 ಎಂದು ಕರೆದರು. ಜನರ ಬಾಯಲ್ಲಿ ಅದು ಹಂದಿಜ್ವರವಾಯಿತು. ಹಂದಿಗಳಲ್ಲಿ ಕಂಡುಬರುವ ವೈರಾಣುಗಳ ಅಂಶಗಳು ಅದರಲ್ಲಿ ಬೆರೆತಿದ್ದುದು ಆ ಹೆಸರಿಗೆ ಕಾರಣ. ಆದರೆ ಅದು ಹಬ್ಬಿದ್ದು ಮನುಷ್ಯನಿಂದ ಮನುಷ್ಯನಿಗೆ, ಕೆಮ್ಮು ಸೀನುಗಳ ಹನಿಗಳ ಮೂಲಕ. ಚೆನ್ನಾಗಿ ಬೇಯಿಸಿದ ಹಂದಿಮಾಂಸದಿಂದ ಅದು ಬರುವುದಿಲ್ಲ. ಮೇ ತಿಂಗಳಲ್ಲಿ ಅಮೆರಿಕದಿಂದ ಹೈದರಾಬಾದಿಗೆ ಬಂದಿಳಿದ ಪ್ರಯಾಣಿಕರೊಬ್ಬರಲ್ಲಿ ಭಾರತದ ಮೊದಲ ಪ್ರಕರಣ ದೃಢಪಟ್ಟಿತು. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಜಾಗತಿಕ ಮಹಾಮಾರಿಯೆಂದು ಘೋಷಿಸಿತು.

ಆಗ ನಮ್ಮ ದೇಶದ ಎಲ್ಲ ಎಚ್ಚರಿಕೆಯೂ ವಿಮಾನ ನಿಲ್ದಾಣಗಳ ಬಾಗಿಲಲ್ಲಿ ನಿಂತಿತ್ತು. ವಿದೇಶದಿಂದ ಬಂದವರು ಆರೋಗ್ಯದ ವಿವರಗಳನ್ನು ತುಂಬಿಕೊಡಬೇಕಿತ್ತು. ದೇಹದ ಉಷ್ಣತೆಯನ್ನು ಅಳೆಯುವ ಯಂತ್ರಗಳ ಮುಂದೆ ಹಾದುಬರಬೇಕಿತ್ತು. ಆದರೆ ಜುಲೈ ವೇಳೆಗೆ ಸೋಂಕು ಪುಣೆಯ ಶಾಲೆಗಳನ್ನು ಹೊಕ್ಕಾಗಿತ್ತು. ಆಗಸ್ಟ್ 3ರಂದು ಇಲ್ಲಿನ ಹದಿನಾಲ್ಕು ವರ್ಷದ ಶಾಲಾ ಬಾಲಕಿಯೊಬ್ಬಳು ಅಸುನೀಗಿದಳು. ಹಂದಿಜ್ವರದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ಅದು.

ಮರುದಿನದಿಂದ ನಗರದ ಮುಖವೇ ಬದಲಾಯಿತು. ಮಹಾನಗರಪಾಲಿಕೆಯ ಡಾ. ನಾಯ್ಡು ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮುಂದೆ ಮಳೆಯನ್ನೂ ಲೆಕ್ಕಿಸದೆ ಸಾವಿರಾರು ಜನ ಸಾಲುಗಟ್ಟಿ ನಿಂತರು. ಅವರಲ್ಲಿ ಬಹುಪಾಲು ಮಂದಿಗೆ ಇದ್ದುದು ಸಾಮಾನ್ಯ ನೆಗಡಿ, ಇಲ್ಲವೇ ಬರಿಯ ಅಂಜಿಕೆ. ಸೋಂಕಿಲ್ಲದವರು ಸೋಂಕಿದ್ದವರ ಪಕ್ಕದಲ್ಲಿ ಗಂಟೆಗಟ್ಟಲೆ ನಿಲ್ಲುವಂತಾದುದು ಆ ಸಾಲಿನ ದೊಡ್ಡ ಅಪಾಯವಾಗಿತ್ತು. ಶಾಲೆ ಕಾಲೇಜುಗಳು ಮುಚ್ಚಿದವು. ಚಿತ್ರಮಂದಿರಗಳಿಗೂ ಬೀಗ ಬಿತ್ತು. ಔಷಧಿ ಅಂಗಡಿಗಳಲ್ಲಿ ಮಾಸ್ಕುಗಳು ಸಿಗದಾದವು. ಸಿಕ್ಕಲ್ಲಿ ಬೆಲೆ ಏರಿತ್ತು. ಸ್ಕೂಟರು ಓಡಿಸುವ ಯುವತಿಯರು ಧೂಳಿಗೆಂದು ಮುಖಕ್ಕೆ ಓಢಣಿ ಕಟ್ಟಿಕೊಳ್ಳುವುದು ಪುಣೆಗೆ ಹೊಸತೇನಲ್ಲ. ಆ ಆಗಸ್ಟಿನಲ್ಲಿ ಗಂಡಸರೂ ಕರವಸ್ತ್ರ ಕಟ್ಟಿಕೊಂಡು ತಿರುಗಿದರು. ನಮ್ಮಲ್ಲಿ ಬ್ಯಾಂಕಿನಲ್ಲಿ ದುಡಿಯುವವರು ಕೌಂಟರು ಬಿಟ್ಟು ಏಳುವಂತಿರಲಿಲ್ಲ. ಗಾಜಿನ ಕಿಂಡಿಯ ಈಚೆಗೂ ಆಚೆಗೂ ಮುಖ ಮುಚ್ಚಿಕೊಂಡೇ ನೋಟು ಎಣಿಸಿಕೊಟ್ಟೆವು.

ಆ ವರ್ಷ ಗಣೇಶ ಚತುರ್ಥಿ ಬಂದುದು ಆಗಸ್ಟ್ 23ರಂದು. ತಿಂಗಳುಗಳ ಮೊದಲೇ ಕಾಯ್ದಿರಿಸಿದ್ದ ಟಿಕೆಟುಗಳನ್ನು ನಮ್ಮಲ್ಲಿ ಅನೇಕರು ರದ್ದುಪಡಿಸಿದರು. ಕೆಲವರು ತಾವಾಗಿಯೇ ಹಿಂಜರಿದರು. ಇನ್ನು ಕೆಲವರಿಗೆ ಊರಿನಿಂದಲೇ ಫೋನು ಬಂತು. "ಈ ಸಲ ಗಣಪತಿಗೆ ಬರೂದು ಬ್ಯಾಡ್ರಿ, ಮುಂದಿನ ವರ್ಷ ನೋಡೋಣಂತ" ಎಂದು ಒಡಹುಟ್ಟಿದವರೇ ಹೇಳಿದಾಗ ಆದ ನೋವು ಜ್ವರದ ನೋವಿಗಿಂತ ಕಡಿಮೆಯದಲ್ಲ. ಹೇಳಿದವರಲ್ಲಿ ದ್ವೇಷವಿರಲಿಲ್ಲ, ಮನೆಯ ಮಕ್ಕಳ ಚಿಂತೆ ಇತ್ತು. ಆದರೂ 'ಪುಣೆಯವರು' ಎಂಬ ಮಾತೇ ಆ ದಿನಗಳಲ್ಲಿ ಒಂದು ರೋಗಲಕ್ಷಣದಂತೆ ಆಗಿಬಿಟ್ಟಿತ್ತು. ಆದರೆ ಅದೇ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೂ ಹಂದಿಜ್ವರದ ಸಾವು ವರದಿಯಾಯಿತು. ಸೋಂಕಿಗೆ ನಮ್ಮ ಟಿಕೆಟು ಬೇಕಾಗಿರಲಿಲ್ಲ.

ಪ್ರಯಾಣ ತಡೆದರೆ ಜ್ವರ ತಡೆಯುತ್ತದೆಯೆ?

ಇದಕ್ಕೆ ಉತ್ತರ ಇನ್‌ಫ್ಲುಯೆಂಜಾದ ಸ್ವಭಾವದಲ್ಲಿಯೇ ಇದೆ. ಸೋಂಕು ತಗುಲಿದ ಮೇಲೆ ಲಕ್ಷಣಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ನಾಲ್ಕು ದಿನ ಬೇಕು. ಲಕ್ಷಣ ಕಾಣುವ ಸುಮಾರು ಒಂದು ದಿನ ಮೊದಲೇ ಆ ವ್ಯಕ್ತಿಯಿಂದ ಇತರರಿಗೆ ಸೋಂಕು ಹರಡಬಲ್ಲದು. ಆತ ರಾತ್ರಿಯ ಬಸ್ಸು ಹತ್ತುವಾಗ ಮೈ ತಣ್ಣಗೇ ಇರುತ್ತದೆ. ಬೆಳಗ್ಗೆ ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಜ್ವರ ಏರುತ್ತದೆ. ಉಷ್ಣತೆ ಅಳೆಯುವ ಯಾವ ಯಂತ್ರವೂ ಇಂತಹವರನ್ನು ಗುರುತಿಸಲಾರದು. ಜ್ವರದ ಮಾತ್ರೆ ನುಂಗಿ ಹೊರಟವರನ್ನೂ ಅದು ಗುರುತಿಸದು. ಈ ಕಾರಣದಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಗಡಿಗಳನ್ನು ಮುಚ್ಚುವಂತಾಗಲಿ, ಪ್ರಯಾಣವನ್ನು ನಿರ್ಬಂಧಿಸುವಂತಾಗಲಿ ಯಾವ ದೇಶಕ್ಕೂ ಸಲಹೆ ನೀಡಲಿಲ್ಲ. ಅದು ಹೇಳಿದ್ದು ಇಷ್ಟೇ: ಅಸ್ವಸ್ಥರಾದವರು ಪ್ರಯಾಣವನ್ನು ಮುಂದೂಡಲಿ; ಪ್ರಯಾಣದಿಂದ ಬಂದ ಮೇಲೆ ಅಸ್ವಸ್ಥರಾದವರು ವೈದ್ಯರನ್ನು ಕಾಣಲಿ.

ನೂರು ವರ್ಷಗಳ ಹಿಂದಿನ ನೆನಪು

ರೋಗವು ಸಾರಿಗೆಯನ್ನು ಅನುಸರಿಸಿ ಸಾಗುತ್ತದೆಂಬುದರಲ್ಲಿ ಸಂಶಯವಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬೇಗನೆ ಪುಣೆಯನ್ನು ಮುಟ್ಟಿತು. 1898ರಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿಯೇ ಬೆಂಗಳೂರನ್ನು ಹೊಕ್ಕಿತು. ಬೆಂಗಳೂರಿನ ಪ್ಲೇಗ್ ಮಾರಮ್ಮನ ಗುಡಿಗಳು ಆ ಸಂಕಟದ ಗುರುತುಗಳು. 1918ರ ಇನ್‌ಫ್ಲುಯೆಂಜಾ ಕೂಡ ಮುಂಬಯಿ ಬಂದರಿನಿಂದ ರೈಲು ಹಿಡಿದು ಒಳನಾಡಿಗೆ ನಡೆಯಿತು. ಭಾರತದಲ್ಲಿ ಅದಕ್ಕೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು ಎಂಬುದು ಸಂಶೋಧಕರ ಅಂದಾಜು. ತೀವ್ರ ಹಾನಿಗೊಳಗಾದ ಪ್ರಾಂತಗಳಲ್ಲಿ ಒಂದಾದ ಮುಂಬಯಿ ಇಲಾಖೆಗೆ ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳೂ ಸೇರಿದ್ದವು.

ಆದರೆ ಪುಣೆಯ ಪ್ಲೇಗಿನ ಇತಿಹಾಸದಲ್ಲಿ ಇನ್ನೊಂದು ಪಾಠವೂ ಇದೆ. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. ರೈಲು ಪ್ರಯಾಣಿಕರನ್ನು ತಪಾಸಣೆ ಮಾಡುವ, ಶಂಕೆ ಇದ್ದವರನ್ನು ಬೇರೆಯಾಗಿರಿಸುವ ಅಧಿಕಾರ ಅದರಲ್ಲಿತ್ತು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡನ ಆಡಳಿತದಲ್ಲಿ ಸಿಪಾಯಿಗಳು ಮನೆಮನೆಗೆ ನುಗ್ಗಿ ಶೋಧಿಸಿದರು, ರೋಗಿಗಳನ್ನು ಬಲವಂತವಾಗಿ ಒಯ್ದರು, ಸಾಮಾನುಗಳನ್ನು ಸುಟ್ಟರು. ಜನರು ರೋಗಿಗಳನ್ನು ಬಚ್ಚಿಟ್ಟರು. ಊರು ಬಿಟ್ಟು ಓಡಿದರು, ಓಡುವಾಗ ರೋಗವನ್ನೂ ಒಯ್ದರು. ಜೂನ್ 22ರ ರಾತ್ರಿ ಚಾಪೇಕರ ಸಹೋದರರು ರ್‍ಯಾಂಡನ ಮೇಲೆ ಗುಂಡು ಹಾರಿಸಿದ್ದು ಚರಿತ್ರೆ. ಅದೇ ಪುಣೆಯಲ್ಲಿ, ಅದೇ ವರ್ಷದ ಮಾರ್ಚ್ 10ರಂದು, ಪ್ಲೇಗು ತಗುಲಿದ ಬಾಲಕನನ್ನು ಹೊತ್ತು ಚಿಕಿತ್ಸೆಗೆ ಒಯ್ದ ಸಾವಿತ್ರಿಬಾಯಿ ಫುಲೆಯವರು ಅದೇ ರೋಗಕ್ಕೆ ಬಲಿಯಾದರು. ಒಂದೇ ಊರಿನಲ್ಲಿ, ಒಂದೇ ರೋಗದ ಮುಂದೆ ಮನುಷ್ಯರು ನಡೆದುಕೊಂಡ ಎರಡು ಬಗೆಗಳಿವು. 1897ರ ಆ ಕಾಯಿದೆಯನ್ನೇ 2009ರಲ್ಲಿ ಪುಣೆಯಲ್ಲಿ ಮತ್ತೆ ಬಳಸಲಾಯಿತು. ಆದರೆ ಈ ಬಾರಿ ತಪಾಸಣಾ ಕೇಂದ್ರಗಳನ್ನು ತೆರೆಯುವುದಕ್ಕಾಗಿ, ಪ್ರಕರಣಗಳನ್ನು ಕಡ್ಡಾಯವಾಗಿ ತಿಳಿಸುವಂತೆ ಮಾಡುವುದಕ್ಕಾಗಿ.

ಅಂಜಿಕೆಯು ರೋಗವನ್ನು ಓಡಿಸುವುದಿಲ್ಲ, ಬಚ್ಚಿಡುತ್ತದೆ. ಬಚ್ಚಿಟ್ಟ ರೋಗವೇ ಹೆಚ್ಚು ದೂರ ಪ್ರಯಾಣ ಮಾಡುತ್ತದೆ. ನಾವು ಮರೆಯಬಾರದ ಸಂಗತಿ ಇದು.

ಪುಣೆಯ ಇನ್ನೊಂದು ಮುಖ

ರೋಗದ ಸುದ್ದಿಯೊಂದಿಗೆ ಹೆಸರು ಕೇಳಿಬರುವ ಈ ನಗರವೇ ರೋಗದ ಅರಿವನ್ನೂ ನಾಡಿಗೆ ನೀಡುತ್ತ ಬಂದಿದೆ. 1952ರಲ್ಲಿ ಇಲ್ಲಿ ವೈರಾಣು ಸಂಶೋಧನಾ ಕೇಂದ್ರವಾಗಿ ಆರಂಭವಾದ ಸಂಸ್ಥೆಯೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಬಂದಾಗ, ಕಾರಣವಾದ ವೈರಾಣುವನ್ನು ಪತ್ತೆಮಾಡಿದವರು ಪುಣೆಯ ಈ ಕೇಂದ್ರದ ವಿಜ್ಞಾನಿಗಳು. ಮಂಗನ ಕಾಯಿಲೆ ಎಂದು ಮಲೆನಾಡು ಇಂದಿಗೂ ಹೆದರುವ ರೋಗ ಅದು. 2009ರಲ್ಲಿ ದೇಶದ ಹಂದಿಜ್ವರ ಮಾದರಿಗಳ ಪರೀಕ್ಷೆಯ ಭಾರವನ್ನು ಹೊತ್ತ ಪ್ರಮುಖ ಪ್ರಯೋಗಾಲಯಗಳಲ್ಲಿಯೂ ಇದು ಒಂದು. 2010ರಲ್ಲಿ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಮೂಗಿನ ಮೂಲಕ ನೀಡುವ ಎಚ್1ಎನ್1 ಲಸಿಕೆಯನ್ನು ಹೊರತಂದಿತು.

ಕೋಗನೊಳ್ಳಿಯ ಗಡಿ

2010ರ ಆಗಸ್ಟ್ 10ರಂದು ಹಂದಿಜ್ವರದ ಜಾಗತಿಕ ಹಂತ ಮುಗಿಯಿತೆಂದು ಘೋಷಣೆಯಾಯಿತು. ವೈರಾಣು ಮಾತ್ರ ಹೋಗಲಿಲ್ಲ. ಪ್ರತಿವರ್ಷದ ಫ್ಲೂ ವೈರಾಣುಗಳಲ್ಲಿ ಒಂದಾಗಿ ಉಳಿಯಿತು. 2015ರಲ್ಲಿ ದೇಶದಲ್ಲಿ ಸುಮಾರು 42,000 ಪ್ರಕರಣಗಳೂ ಸುಮಾರು 3,000 ಸಾವುಗಳೂ ದಾಖಲಾದವು. 2009ಕ್ಕಿಂತ ಹೆಚ್ಚಿನ ಈ ಸಾವುಗಳು ನಮ್ಮಲ್ಲಿ ಅಂದಿನಷ್ಟು ಭಯವನ್ನು ಹುಟ್ಟಿಸಲಿಲ್ಲ. ಭಯದ ಅಳತೆಯೂ ಅಪಾಯದ ಅಳತೆಯೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

2020ರಲ್ಲಿ ಬಂದ ಕೊರೊನಾ ಬೇರೆಯೇ ವೈರಾಣು. ಅದರ ಗಾತ್ರವೂ ಬೇರೆ. ಆದರೆ ಪ್ರಯಾಣಿಕನ ಪಾಡು ಹಳೆಯದೇ. ಆ ವರ್ಷದ ಮಾರ್ಚ್ 9ರಂದು ಮಹಾರಾಷ್ಟ್ರದ ಮೊದಲ ಪ್ರಕರಣಗಳು ಪುಣೆಯಲ್ಲಿಯೇ ದೃಢಪಟ್ಟವು. ನಾಯ್ಡು ಆಸ್ಪತ್ರೆಯ ಹೆಸರು ಮತ್ತೆ ಎಲ್ಲರ ಬಾಯಲ್ಲಿ ಬಂತು. ಮೇ 18ರಂದು ಕರ್ನಾಟಕ ಸರಕಾರವು ಮಹಾರಾಷ್ಟ್ರವೂ ಸೇರಿ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳಾಂತ್ಯದವರೆಗೆ ಪ್ರವೇಶವಿಲ್ಲವೆಂದು ಪ್ರಕಟಿಸಿತು. 2021ರಲ್ಲಿ ನಿಪ್ಪಾಣಿಯ ಬಳಿಯ ಕೋಗನೊಳ್ಳಿ ತಪಾಸಣಾ ಠಾಣೆಯಲ್ಲಿ ಸೋಂಕಿಲ್ಲವೆಂಬ ಪ್ರಮಾಣಪತ್ರ ತೋರಿಸಿದವರಿಗಷ್ಟೇ ದಾರಿ. ಕೆಲಸ ಕಳೆದುಕೊಂಡು ಮಕ್ಕಳು ಮರಿಗಳೊಂದಿಗೆ ಊರಿಗೆ ಹೊರಟಿದ್ದ ಕಲಬುರಗಿ, ಯಾದಗಿರಿಗಳ ಕೂಲಿಕಾರ್ಮಿಕರ ಪಾಡನ್ನು ನೆನೆದರೆ, ನಮ್ಮ ರದ್ದಾದ ಟಿಕೆಟುಗಳ ದುಃಖ ಚಿಕ್ಕದೆನಿಸುತ್ತದೆ. ಹೊಸ ರೋಗವೊಂದರ ಆರಂಭದಲ್ಲಿ ನಿರ್ಬಂಧಗಳು ಸಿದ್ಧತೆಗೆ ಸ್ವಲ್ಪ ಕಾಲಾವಕಾಶ ದೊರಕಿಸಬಹುದು, ನಿಜ. ಆದರೆ ದಾರಿಯನ್ನು ಮುಚ್ಚುವವರು ದಾರಿಯಲ್ಲಿರುವವರ ಊಟ, ವಸತಿ, ಚಿಕಿತ್ಸೆಗಳ ಹೊಣೆಯನ್ನೂ ಹೊರಬೇಕಾಗುತ್ತದೆ.

ಪ್ರಯಾಣಕ್ಕೆ ಮುನ್ನ ತಿಳಿದಿರಬೇಕಾದದ್ದು

ನಮ್ಮ ದೇಶದಲ್ಲಿ ಫ್ಲೂ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ. ನಾವು ಗಣೇಶ ಹಬ್ಬಕ್ಕೆ ಊರಿಗೆ ಹೊರಡುವ ಕಾಲ ಈ ಎರಡನೆಯ ಏರಿಕೆಯ ಕಾಲವೂ ಹೌದು. ಆದುದರಿಂದ ಕೆಲವು ಮಾತುಗಳು.

ಜ್ವರವಿದ್ದವರು ಹೊರಡಬಾರದು. ಜ್ವರದ ಮಾತ್ರೆಯ ನೆರವಿಲ್ಲದೆ ಕನಿಷ್ಠ 24 ಗಂಟೆ ಜ್ವರ ಬಾರದಿದ್ದಲ್ಲಿ ಮಾತ್ರ ಪ್ರಯಾಣದ ವಿಚಾರ ಮಾಡಬೇಕು. ಕೆಮ್ಮು ಉಳಿದಿದ್ದರೆ ಬಸ್ಸಿನಲ್ಲಿ ಮಾಸ್ಕ್ ಧರಿಸುವುದು ಸಹಪ್ರಯಾಣಿಕರಿಗೆ ತೋರುವ ಸೌಜನ್ಯ.

ಬಹುತೇಕರಲ್ಲಿ ಫ್ಲೂ ವಿಶ್ರಾಂತಿ, ದ್ರವಾಹಾರಗಳಿಂದಲೇ ಗುಣವಾಗುತ್ತದೆ. ಎಲ್ಲರಿಗೂ ಪರೀಕ್ಷೆಯ ಅಗತ್ಯವಿಲ್ಲ. 2009ರ ಆಗಸ್ಟಿನಲ್ಲಿಯೇ ಕೇಂದ್ರ ಆರೋಗ್ಯ ಇಲಾಖೆಯು ರೋಗಿಗಳನ್ನು ಲಕ್ಷಣಗಳಿಗನುಗುಣವಾಗಿ ವಿಂಗಡಿಸಿ, ಸೌಮ್ಯ ಲಕ್ಷಣದವರು ಮನೆಯಲ್ಲಿಯೇ ಇರಲೆಂದು ಸೂಚಿಸಿತ್ತು. ಆದರೆ ಉಸಿರಾಟದ ತೊಂದರೆ, ಎದೆನೋವು, ಕಫದಲ್ಲಿ ರಕ್ತ, ತುಟಿ ಉಗುರುಗಳು ನೀಲಿಯಾಗುವುದು, ಮಂಪರು, ಮಕ್ಕಳು ಆಹಾರ ನಿರಾಕರಿಸುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು, ವೃದ್ಧರು, ಚಿಕ್ಕ ಮಕ್ಕಳು, ಮಧುಮೇಹ, ಆಸ್ತಮಾ, ಹೃದ್ರೋಗವುಳ್ಳವರು ಆರಂಭದಲ್ಲೇ ವೈದ್ಯರನ್ನು ಕಾಣುವುದು ಒಳಿತು. ಒಸೆಲ್ಟಾಮಿವಿರ್ ಔಷಧಿಯು, ಅಂದರೆ ಟ್ಯಾಮಿಫ್ಲೂ, ಲಕ್ಷಣ ಕಂಡ 48 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲಕಾರಿ. ಅದನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಪ್ರತಿಜೈವಿಕ ಔಷಧಿಗಳು ವೈರಾಣುವಿನ ಮೇಲೆ ಕೆಲಸ ಮಾಡುವುದಿಲ್ಲ.

ಫ್ಲೂ ಲಸಿಕೆಯನ್ನು ಪ್ರತಿವರ್ಷ ಪಡೆಯಬೇಕಾಗುತ್ತದೆ. ರಕ್ಷಣೆ ಉಂಟಾಗಲು ಸುಮಾರು ಎರಡು ವಾರ ಬೇಕು. ಹಬ್ಬಕ್ಕೆ ಹೊರಡುವವರು, ವಿಶೇಷವಾಗಿ ಮನೆಯಲ್ಲಿ ಹಿರಿಯರಿರುವವರು, ಇದನ್ನು ಮೊದಲೇ ಯೋಚಿಸಬೇಕು.

ಕೊನೆಯದಾಗಿ, ಊರಿನಲ್ಲಿರುವ ನಮ್ಮ ಬಂಧುಗಳಿಗೂ ಒಂದು ವಿನಂತಿ. ಬಂದವರನ್ನು ಯಾವ ಊರಿನಿಂದ ಬಂದಿರಿ ಎಂದು ಕೇಳುವುದಕ್ಕಿಂತ, ಮೈ ಹೇಗಿದೆ ಎಂದು ಕೇಳಿರಿ. ಪುಣೆಯವನೆಂಬ ಕಾರಣಕ್ಕೆ ಯಾರನ್ನೂ ಹೊರಗೆ ನಿಲ್ಲಿಸದಿದ್ದರೆ, ಮೈ ಬಿಸಿಯಾದವನು ತಾನಾಗಿಯೇ ಹೇಳಿ ಒಂದು ಕೋಣೆಯಲ್ಲಿ ಉಳಿಯುತ್ತಾನೆ. ಆ ಮನೆಯ ಮಕ್ಕಳನ್ನೂ ಹಿರಿಯರನ್ನೂ ಕಾಯುವುದು ಅವನ ಆ ಒಂದು ನಿಜವಾದ ಮಾತು.